ಉಳಿದ ಹ್ಯಾಮ್ ಮೂಳೆ, ಒಣ ಬೀನ್ಸ್: ಗಟ್ಟಿ ಸೂಪ್ ಮಾಡೋದು ಹೇಗೆ?

ಹೊಸಒಲೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮೊನ್ನೆ ಊಟಕ್ಕೆ ತುಂಬಾ ಜನ ಬರುತ್ತಾರೆ ಅಂತ ಮೂಳೆ ಸಮೇತ ದೊಡ್ಡ ಹ್ಯಾಮ್, ಅಂದರೆ ಹದ ಮಾಡಿದ ಹಂದಿ ತೊಡೆ, ತಂದಿದ್ದೆವು. ಅರ್ಧ ಜನ ಬರಲೇ ಇಲ್ಲ. ಈಗ ಫ್ರಿಜ್ಜಿನಲ್ಲಿ ಮಾಂಸ ಅಂಟಿಕೊಂಡಿರುವ ಮೂಳೆ ಇದೆ, ಡಬ್ಬಿ ತುಂಬ ಹೋಳುಗಳಿವೆ. ಬ್ರೆಡ್ ನಡುವೆ ಇಟ್ಟುಕೊಂಡು ತಿಂದು ತಿಂದು ಮನೆಯವರಿಗೆಲ್ಲ ಸಾಕಾಗಿದೆ. ಅರ್ಧ ಕೆಜಿಯಷ್ಟು ಒಣ ಬಿಳಿ ಬೀನ್ಸ್ ಕಾಳು ಇದೆ, ಸಣ್ಣದು, ನೇವಿ ಬೀನ್ಸ್ ಅಂತಾರಲ್ಲ, ಅದು. ಸೂಪ್ ಮಾಡೋಣ ಅಂದುಕೊಂಡಿದ್ದೇನೆ. ನೀರು ನೀರಾಗಿ ಇರಬಾರದು, ಒಂದು ಬಟ್ಟಲು ಕುಡಿದರೆ ಊಟ ಆಯಿತು ಅನ್ನಿಸಬೇಕು.

ಓದಿದ ಕಡೆಯೆಲ್ಲ ಒಂದೊಂದು ಥರ ಹೇಳುತ್ತಾರೆ. ಕಾಳಿಗೆ ಉಪ್ಪು ಮೊದಲೇ ಹಾಕಿದರೆ ಬೇಯುವುದಿಲ್ಲ ಅಂತ ಒಬ್ಬರು, ಹಾಕಲೇಬೇಕು ಅಂತ ಇನ್ನೊಬ್ಬರು. ಹ್ಯಾಮ್ ಶುರುವಿನಲ್ಲೇ ಹಾಕಬೇಕೋ ಕೊನೆಗೋ? ಕ್ರೀಮ್, ಮೈದಾ ಹಾಕದೆ ಗಟ್ಟಿ ಮಾಡಬಹುದಾ? ಮನೆಯಲ್ಲಿ ಸ್ಲೋ ಕುಕ್ಕರ್ ಇದೆ, ಬೆಳಿಗ್ಗೆ ಎಲ್ಲಾ ಒಟ್ಟಿಗೆ ಹಾಕಿ ಕೆಲಸಕ್ಕೆ ಹೋದರೆ ನಡೆಯುತ್ತದಾ? ಇನ್ನೊಂದು, ಮಾಂಸ ಒಳಗೆಲ್ಲ ಗುಲಾಬಿ ಬಣ್ಣ ಇದೆ. ಅದು ಸರಿಯಾಗಿ ಬೆಂದಿದೆ ತಾನೇ?

ಕುಕ್ಕರ್‌ಪ್ರೇಮಿ:

ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಡಿ. ರಾತ್ರಿ ಕಾಳು ನೆನೆಹಾಕಿ. ಬೆಳಿಗ್ಗೆ ಮೂಳೆ, ಈರುಳ್ಳಿ, ಕ್ಯಾರೆಟ್, ಕಾಳು, ನೀರು ಎಲ್ಲಾ ಪ್ರೆಶರ್ ಕುಕ್ಕರಿಗೆ. ಹಬೆ ಕಟ್ಟಿದ ಮೇಲೆ ಹತ್ತು ಹನ್ನೆರಡು ನಿಮಿಷ, ಆರಿಸಿ ಬಿಡಿ. ಮುಗೀತು. ಅರ್ಧ ಕುಕ್ಕರಿಗಿಂತ ಮೇಲೆ ಮಾತ್ರ ತುಂಬಬೇಡಿ. ಕಾಳು ನೊರೆ ಬಂದು ವಿಸಲ್ ಕಟ್ಟಿಕೊಳ್ಳುತ್ತದೆ.

ಸೂಪ್‌ಮನೆ:

ಕುಕ್ಕರ್‌ಪ್ರೇಮಿ ಹೇಳಿದ ಹಾಗೆ ಮಾಡಿದರೆ ಸೂಪ್ ಆಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಕಾಳು ಬೇಯುವಷ್ಟು ಹೊತ್ತಿಗೆ ಮೂಳೆಯಿಂದ ಏನೂ ಇಳಿದಿರುವುದಿಲ್ಲ. ಮೂಳೆ ಪೂರ್ತಿ ಬಿಡುವಷ್ಟು ಹೊತ್ತು ಇಟ್ಟರೆ ಕಾಳು, ಕ್ಯಾರೆಟ್ ಎರಡೂ ಮುದ್ದೆ. ಒಳ್ಳೆ ಮೂಳೆ ಇರುವಾಗ ಅದನ್ನು ಹಾಗೆ ದಂಡ ಮಾಡುವುದು ನನಗಂತೂ ಇಷ್ಟ ಇಲ್ಲ.

ನಾನು ಬಹಳ ವರ್ಷ ಹೋಟೆಲ್ ಅಡುಗೆಮನೆಯಲ್ಲಿ ಸೂಪಿನ ಕಡೆ ನಿಂತವನು. ಅಲ್ಲಿದ್ದ ದೊಡ್ಡ ಅಡುಗೆಯವರು ಹ್ಯಾಮ್ ಸೂಪ್ ಮಾಡುವ ದಿನ ಉಪ್ಪಿನ ಡಬ್ಬಿಯನ್ನೇ ಎತ್ತಿ ಕಪಾಟಿನ ಮೇಲೆ ಇಟ್ಟುಬಿಡುತ್ತಿದ್ದರು. ಕೈ ಚಾಚಿದರೆ ಸಿಗಬಾರದು. ಅಷ್ಟು ಕಟ್ಟುನಿಟ್ಟು ಯಾಕೆ ಅಂದರೆ ಹ್ಯಾಮ್ ಅನ್ನುವುದೇ ಉಪ್ಪಿನಲ್ಲಿ ಹದ ಮಾಡಿದ ಮಾಂಸ. ನೂರು ಗ್ರಾಮಿನಲ್ಲಿ ಸುಮಾರು ಒಂದು ಗ್ರಾಂ ಸೋಡಿಯಂ, ಅಂದರೆ ಎರಡೂವರೆ ಗ್ರಾಂ ಉಪ್ಪು ಇರುವುದು ಸಾಮಾನ್ಯ. ಕೆಲವದರಲ್ಲಿ ಇನ್ನೂ ಜಾಸ್ತಿ. ಒಂದು ಹ್ಯಾಮಿನ ಹಾಗೆ ಇನ್ನೊಂದು ಇರುವುದಿಲ್ಲ. ಅದಕ್ಕೇ ಯಾರೇ ಅಳತೆ ಬರೆದುಕೊಟ್ಟು "ಉಪ್ಪು ಎರಡು ಚಮಚ" ಅಂದರೆ ನಂಬಬೇಡಿ. ನಿಮ್ಮ ಮೂಳೆ ಅವರು ನೋಡಿಲ್ಲ.

ಮೂಳೆಗೆ ಒಂದು ಹೊತ್ತು, ಮಾಂಸಕ್ಕೆ ಇನ್ನೊಂದು ಹೊತ್ತು. ಈ ಸೂಪಿನಲ್ಲಿ ನಾನು ಹಟ ಹಿಡಿಯುವುದು ಇದೊಂದಕ್ಕೇ. ಮೂಳೆಯ ಸುತ್ತ ಇರುವ ಚರ್ಮ, ನರ, ಗಂಟಿನ ಭಾಗಗಳಲ್ಲಿ ಕೊಲಾಜೆನ್ ಅನ್ನುವ ಗಟ್ಟಿ ಪ್ರೋಟೀನ್ ಇರುತ್ತದೆ. ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಇಟ್ಟರೆ ಅದು ಕರಗಿ ಜೆಲಾಟಿನ್ ಆಗುತ್ತದೆ. ಸೂಪ್ ತುಟಿಗೆ ಸ್ವಲ್ಪ ಅಂಟುವ ಹಾಗೆ ಇರುತ್ತದಲ್ಲ, ಅದು ಇದರಿಂದಲೇ. ಹೋಳುಗಳ ಕಥೆ ಬೇರೆ. ಅವು ಆಗಲೇ ಬೆಂದಿವೆ, ಕೊಬ್ಬೂ ಕಮ್ಮಿ. ಎರಡು ಗಂಟೆ ಕುದಿಸಿದರೆ ರುಚಿಯೆಲ್ಲ ನೀರಿಗೆ ಹೋಗಿ ಬಾಯಲ್ಲಿ ನಾರು ಸಿಕ್ಕುತ್ತದೆ, ಅಷ್ಟೆ.

ಹಾಗಾಗಿ ಮೊದಲು ಮೂಳೆಯಿಂದ ಸುಲಭಕ್ಕೆ ಬರುವ ಮಾಂಸ ಬಿಡಿಸಿ ತೆಗೆದಿಡಿ. ಪೂರ್ತಿ ಕೆರೆಯಬೇಡಿ, ಅಂಟಿದ್ದು ಇರಲಿ. ಮೂಳೆಯನ್ನು ದೊಡ್ಡ ಪಾತ್ರೆಗೆ ಹಾಕಿ, ಎರಡೂವರೆ ಲೀಟರ್ ತಣ್ಣೀರು, ಸಿಪ್ಪೆ ಸುಲಿದು ಎರಡು ಹೋಳು ಮಾಡಿದ ಈರುಳ್ಳಿ, ಪಲಾವ್ ಎಲೆ, ಏಳೆಂಟು ಕಾಳುಮೆಣಸು. ಕುದಿ ಬಂದ ತಕ್ಷಣ ಉರಿ ಇಳಿಸಿ. ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುತ್ತಿರಬೇಕು, ಕೊತಕೊತ ಕುದಿಯಬಾರದು. ಮೇಲೆ ಬರುವ ನೊರೆ ತೆಗೆಯಿರಿ. ಒಂದೂವರೆ ಗಂಟೆಯಿಂದ ಎರಡು ಗಂಟೆ ಬಿಡಿ.

ಆಮೇಲೆ ರುಚಿ ನೋಡಿ. ಇಲ್ಲಿ ನೋಡಲೇಬೇಕು, ಕೊನೆಗೆ ನೋಡಿದರೆ ಸರಿಮಾಡುವುದು ಕಷ್ಟ. ಈಗಲೇ ಕುಡಿಯುವ ಹದಕ್ಕೆ ಉಪ್ಪಾಗಿದ್ದರೆ ಅದು ಜಾಸ್ತಿ ಅಂತ ಲೆಕ್ಕ. ಯಾಕೆಂದರೆ ನೀರು ಇನ್ನೂ ಬತ್ತುತ್ತದೆ, ಹೋಳುಗಳೂ ಅವುಗಳ ಉಪ್ಪು ಬಿಡುತ್ತವೆ. ಸ್ವಲ್ಪ ಸಪ್ಪೆ ಅನ್ನಿಸಿದರೆ ಸರಿಯಾಗಿದೆ.

ನೆನೆದ ಕಾಳನ್ನು ಸೋಸಿ ಇದಕ್ಕೆ ಹಾಕಿ. ನೇವಿ ಬೀನ್ಸ್ ಆದರೆ ಒಂದರಿಂದ ಒಂದೂವರೆ ಗಂಟೆ. ಬೇರೆ ಬಾಣಲೆಯಲ್ಲಿ ಸಣ್ಣಗೆ ಹೆಚ್ಚಿದ ಈರುಳ್ಳಿ, ಸೆಲರಿ, ಕ್ಯಾರೆಟ್, ಕೊನೆಗೆ ಬೆಳ್ಳುಳ್ಳಿ ಬಾಡಿಸಿಕೊಳ್ಳಿ. ಹ್ಯಾಮಿನ ಅಂಚಿನ ಬಿಳಿ ಕೊಬ್ಬು ಎಸೆಯದೆ ಇದ್ದರೆ ಎಣ್ಣೆಗೆ ಬದಲು ಅದನ್ನೇ ಕರಗಿಸಿ ಬಳಸಿ. ಕಾಳು ಮುಕ್ಕಾಲು ಬೆಂದಾಗ ಈ ತರಕಾರಿ ಸೇರಿಸಿ. ಕಡೆಯ ಹತ್ತು ಹದಿನೈದು ನಿಮಿಷ ಇರುವಾಗ ಹ್ಯಾಮ್ ಹೋಳುಗಳು. ಮೂಳೆ ಹೊರಗೆ ತೆಗೆದು, ಕೈಗೆ ತಡೆಯುವಷ್ಟು ಆರಿದ ಮೇಲೆ ಅದಕ್ಕಂಟಿದ್ದನ್ನೂ ಬಿಡಿಸಿ ಹಾಕಿ. ಸಣ್ಣ ಮೂಳೆ ಚೂರು ಉಳಿದಿದೆಯಾ ಅಂತ ಬೆರಳಲ್ಲಿ ನೋಡಿಕೊಳ್ಳಿ. ಮಕ್ಕಳಿರುವ ಮನೆಯಾದರೆ ಇದು ಮುಖ್ಯ.

ಗಟ್ಟಿ ಮಾಡಲು ಕ್ರೀಮೂ ಬೇಡ ಮೈದಾನೂ ಬೇಡ. ಕಾಳಿನಲ್ಲೇ ಬೇಕಾದಷ್ಟು ಪಿಷ್ಟ ಇದೆ. ಎರಡು ಮೂರು ಸೌಟು ಕಾಳು ಬೇರೆ ತೆಗೆದು ನುಣ್ಣಗೆ ಹಿಸುಕಿ ವಾಪಸ್ ಹಾಕಿ ತಿರುವಿ. ಸಾಲದಿದ್ದರೆ ಇನ್ನೊಂದು ಸೌಟು. ಎಲ್ಲವನ್ನೂ ಮಿಕ್ಸಿಗೆ ಹಾಕುವವರಿದ್ದಾರೆ, ಅದು ಗೋಡೆಗೆ ಅಂಟಿಸುವ ಗೋಂದಿನ ಹಾಗಾಗುತ್ತದೆ. ಹಿಸುಕಿ ಹಾಕಿದ ಮೇಲೆ ಪಾತ್ರೆ ಬಿಟ್ಟು ಹೋಗಬೇಡಿ, ತಳ ಹಿಡಿಯುತ್ತದೆ.

ಒಲೆ ಆರಿಸಿದ ಮೇಲೆ ಒಂದು ಚಮಚ ವಿನೆಗರ್ ಅಥವಾ ಸ್ವಲ್ಪ ನಿಂಬೆರಸ. ಬಿಡಬೇಡಿ ಇದನ್ನು. ಕೊಬ್ಬು, ಕಾಳು, ಉಪ್ಪು ಮೂರೂ ಸೇರಿ ನಾಲಿಗೆ ಮಂಕಾಗಿರುತ್ತದೆ, ಹುಳಿ ಬಿದ್ದರೆ ಎಚ್ಚರವಾಗುತ್ತದೆ. ಆಮೇಲೂ ಬೇಕು ಅನ್ನಿಸಿದರೆ ಮಾತ್ರ ಕಪಾಟಿನ ಮೇಲಿಂದ ಉಪ್ಪಿನ ಡಬ್ಬಿ ಇಳಿಸಿ.

ಟೊಮೇಟೊ ನಾನು ಹಾಕುವುದಿಲ್ಲ. ಹೊಗೆಯ ವಾಸನೆ ಇರುವ ಹ್ಯಾಮಿಗೆ ಅದು ಜೊತೆಯಲ್ಲ ಅನ್ನುವುದು ನನ್ನ ಅಭಿಪ್ರಾಯ. ಹಾಕುವುದೇ ಆದರೆ ಕಾಳು ಪೂರ್ತಿ ಮೆತ್ತಗಾದ ಮೇಲೆ ಹಾಕಿ. ಹುಳಿಯಲ್ಲಿ ಕಾಳು ಬೇಗ ಬೇಯುವುದಿಲ್ಲ.

ಗುಲಾಬಿ ಬಣ್ಣಕ್ಕೆ ಹೆದರಬೇಡಿ. ಹದ ಮಾಡುವಾಗ ಬಳಸುವ ನೈಟ್ರೈಟ್‌ನಿಂದ ಆ ಬಣ್ಣ ನಿಲ್ಲುತ್ತದೆ, ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ಹಸಿ ಹ್ಯಾಮ್ ಅಂತಲೂ ಮಾರುತ್ತಾರೆ, ಆದ್ದರಿಂದ ಬೆಂದಿದೆಯಾ ಅಂತ ಬಣ್ಣ ನೋಡದೆ ಪೊಟ್ಟಣದ ಮೇಲೆ ಓದಿ ತಿಳಿದುಕೊಳ್ಳಿ. ನೀವು ಮೊನ್ನೆ ಬೇಯಿಸಿಯೇ ಬಡಿಸಿದ್ದೀರಿ ಅಂದರೆ ಆ ಪ್ರಶ್ನೆ ಇಲ್ಲ.

ಕಾಳುಕಡ್ಡಿ:

ಸೂಪ್‌ಮನೆ ಅವರು ಕಾಳಿನ ಬಗ್ಗೆ ಬೇಗ ಹೇಳಿ ಮುಗಿಸಿಬಿಟ್ಟರು. ಸ್ಲೋ ಕುಕ್ಕರ್ ಪ್ರಶ್ನೆಯಂತೂ ಯಾರೂ ಮುಟ್ಟಿಲ್ಲ. ಅದನ್ನೇ ಮೊದಲು ಹೇಳುತ್ತೇನೆ.

ಹಸಿ ಬೀನ್ಸ್ ಕಾಳಿನಲ್ಲಿ ಫೈಟೊಹೀಮಗ್ಲುಟಿನಿನ್ ಅನ್ನುವ ವಿಷ ಇರುತ್ತದೆ. ಕೆಂಪು ರಾಜ್ಮಾದಲ್ಲಿ ಅತಿ ಹೆಚ್ಚು, ಬಿಳಿ ಜಾತಿಗಳಲ್ಲಿ ಕಮ್ಮಿ, ಆದರೆ ಇಲ್ಲವೇ ಇಲ್ಲ ಅಂತಲ್ಲ. ಸರಿಯಾಗಿ ಬೇಯದ ನಾಲ್ಕೈದು ರಾಜ್ಮಾ ಕಾಳು ತಿಂದರೂ ಸಾಕು, ಒಂದರಿಂದ ಮೂರು ಗಂಟೆಯೊಳಗೆ ವಾಂತಿ ಭೇದಿ ಶುರುವಾಗಬಹುದು. ಚೆನ್ನಾಗಿ ಕುದಿಸಿದರೆ ಇದು ನಾಶವಾಗುತ್ತದೆ. ತೊಂದರೆ ಏನಪ್ಪಾ ಅಂದರೆ ಕೆಲವು ಸ್ಲೋ ಕುಕ್ಕರುಗಳಲ್ಲಿ ಕಡಿಮೆ ಉರಿಗೆ ಇಟ್ಟಾಗ ಒಳಗಿನ ಬಿಸಿ ಕುದಿಯುವ ಮಟ್ಟಕ್ಕೆ ಹೋಗುವುದೇ ಇಲ್ಲ. 80 ಡಿಗ್ರಿ ಆಸುಪಾಸಿನಲ್ಲಿ ಅರೆಬೆಂದ ಕಾಳು ಹಸಿ ಕಾಳಿಗಿಂತಲೂ ಕೆಟ್ಟದಾಗಬಹುದು. ಮೆತ್ತಗಾಗಿದೆ ಅಂದ ಮಾತ್ರಕ್ಕೆ ವಿಷ ಹೋಗಿದೆ ಅಂತ ಅರ್ಥವಲ್ಲ.

ಆದ್ದರಿಂದ ನೆನೆಸಿದ ನೀರು ಚೆಲ್ಲಿ, ಹೊಸ ನೀರಲ್ಲಿ ಕಾಳನ್ನು ಒಲೆಯ ಮೇಲೆ ಜೋರಾಗಿ ಕುದಿಸಿ, ಆಮೇಲೆ ಸ್ಲೋ ಕುಕ್ಕರಿಗೆ ಹಾಕಿ. ಕನಿಷ್ಠ ಹತ್ತು ನಿಮಿಷ ಕುದಿಯಬೇಕು, ಅರ್ಧ ಗಂಟೆ ಆದರೆ ಮನಸ್ಸಿಗೆ ನೆಮ್ಮದಿ. ಅಮೆರಿಕದ ಆಹಾರ ಇಲಾಖೆ ರಾಜ್ಮಾಕ್ಕೆ ಹೇಳುವುದೂ ಅರ್ಧ ಗಂಟೆ. ಪ್ರೆಶರ್ ಕುಕ್ಕರಿನಲ್ಲಿ ಈ ಚಿಂತೆ ಇಲ್ಲ. ಒಲೆಯ ಮೇಲೆ ಸೂಪ್‌ಮನೆ ಅವರ ಹಾಗೆ ಗುಳ್ಳೆ ಏಳುವ ಉರಿಯಲ್ಲಿ ಮಾಡುವವರೂ ಕಾಳು ಹಾಕಿದ ಮೊದಲ ಹತ್ತು ನಿಮಿಷ ಉರಿ ಏರಿಸಿ, ಆಮೇಲೆ ಇಳಿಸಿ.

ಇನ್ನು ಉಪ್ಪು. "ಉಪ್ಪು ಹಾಕಿದರೆ ಕಾಳು ಬೇಯಲ್ಲ" ಅನ್ನುವುದು ಎಲ್ಲರ ಬಾಯಲ್ಲೂ ಇದೆ. ಆದರೆ ನೆನೆಸುವ ನೀರಿಗೇ ಉಪ್ಪು ಹಾಕಿ ನೋಡಿ. ಲೀಟರಿಗೆ ಸುಮಾರು 15 ಗ್ರಾಂ, ಅಂದರೆ ಒಂದು ದೊಡ್ಡ ಚಮಚ. ಕಾಳಿನ ಸಿಪ್ಪೆಯನ್ನು ಬಿಗಿಯಾಗಿ ಹಿಡಿದಿರುವುದು ಪೆಕ್ಟಿನ್. ಅದರೊಳಗಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಗಕ್ಕೆ ಉಪ್ಪಿನ ಸೋಡಿಯಂ ಹೋಗಿ ಕೂರುತ್ತದೆ, ಹಿಡಿತ ಸಡಿಲವಾಗುತ್ತದೆ. ಸಿಪ್ಪೆ ಮೆತ್ತಗಾಗಿ ಕಾಳು ಒಡೆಯದೆ ಬೇಯುತ್ತದೆ. ಎಂಟರಿಂದ ಹನ್ನೆರಡು ಗಂಟೆ ನೆನೆಸಿ, ನೀರು ಚೆಲ್ಲಿ, ಚೆನ್ನಾಗಿ ತೊಳೆಯಿರಿ. ಸೂಪಿಗೆ ಇದರಿಂದ ಸೇರುವ ಉಪ್ಪು ಸ್ವಲ್ಪವೇ. ಹೊಟ್ಟೆ ಉಬ್ಬರಕ್ಕೆ ಕಾರಣವಾಗುವ ರಾಫಿನೋಸ್, ಸ್ಟಾಕಿಯೋಸ್ ಸಕ್ಕರೆಗಳಲ್ಲೂ ಒಂದಷ್ಟು ಆ ನೀರಿನ ಜೊತೆ ಹೋಗುತ್ತದೆ. ಪೂರ್ತಿ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ.

ಕಾಳು ಬೇಯದಿದ್ದರೆ ತಪ್ಪು ಸಾಮಾನ್ಯವಾಗಿ ಉಪ್ಪಿನದಲ್ಲ. ಹಳೇ ಕಾಳು, ಗಡಸು ನೀರು, ಹುಳಿ, ಈ ಮೂರರಲ್ಲಿ ಒಂದು. ವರ್ಷಗಟ್ಟಲೆ ಬಿಸಿ ಜಾಗದಲ್ಲಿ ಬಿದ್ದಿದ್ದ ಕಾಳು ಎಷ್ಟು ಕುದಿಸಿದರೂ ಒಳಗೆ ಕಲ್ಲು. ನೀರು ಗಡಸಾದರೆ ಅರ್ಧ ಕೆಜಿ ಕಾಳಿಗೆ ಕಾಲು ಟೀ ಚಮಚ ಅಡುಗೆ ಸೋಡಾ ಹಾಕಬಹುದು. ಅದಕ್ಕಿಂತ ಜಾಸ್ತಿ ಬೇಡ, ಸೋಪಿನ ರುಚಿ ಬರುತ್ತದೆ.

ರಾತ್ರಿ ನೆನೆಸಲು ಮರೆತರೆ? ಎರಡು ನಿಮಿಷ ಕುದಿಸಿ, ಮುಚ್ಚಿ ಒಂದು ಗಂಟೆ ಬಿಡಿ, ನೀರು ಚೆಲ್ಲಿ. ಕೆಲಸ ನಡೆಯುತ್ತದೆ.

ಹೊಸಒಲೆ:

ಅಬ್ಬಾ, ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಥ್ಯಾಂಕ್ಸ್ ಎಲ್ಲರಿಗೂ. ಸ್ಲೋ ಕುಕ್ಕರ್ ವಿಷಯ ಓದಿ ಅದನ್ನು ಕೆಳಗಿನ ಕಪಾಟಿಗೆ ತಳ್ಳಿದ್ದೇನೆ.

ಕಾಳು ಉಪ್ಪುನೀರಲ್ಲಿ ನೆನೆಯುತ್ತಿದೆ. ಮೂಳೆ ಈಗ ಒಲೆ ಮೇಲಿದೆ. ಎರಡು ಸಂದೇಹ. ಹ್ಯಾಮಿನ ಹೊರಗೆ ಸಕ್ಕರೆ, ಲವಂಗ ಹಾಕಿ ಹೊಳಪಾಗಿ ಸುಟ್ಟಿದ್ದ ಪದರ ಇತ್ತು. ಮೂಳೆಯ ಒಂದು ಕಡೆ ಅದು ಇನ್ನೂ ಇದೆ. ಸೂಪ್ ಸಿಹಿಯಾಗುತ್ತದಾ? ಮತ್ತೆ, ಈಗಷ್ಟೇ ರುಚಿ ನೋಡಿದೆ, ಸಪ್ಪೆ ಅಂತೂ ಅಲ್ಲ, ಚೆನ್ನಾಗಿಯೇ ಉಪ್ಪಿದೆ. ಆಲೂಗಡ್ಡೆ ಹಾಕಿದರೆ ಉಪ್ಪು ಎಳೆದುಕೊಳ್ಳುತ್ತದೆ ಅಂತಾರಲ್ಲ, ಹಾಕಲಾ?

ಸೂಪ್‌ಮನೆ:

ಈಗಲೇ ರುಚಿ ನೋಡಿದ್ದು ಒಳ್ಳೆಯದಾಯಿತು.

ಆಲೂಗಡ್ಡೆ ಉಪ್ಪನ್ನು ಹುಡುಕಿ ಹೀರುವುದಿಲ್ಲ. ಅದು ಹೀರುವುದು ನೀರನ್ನು, ಆ ನೀರಲ್ಲಿದ್ದಷ್ಟೇ ಉಪ್ಪು ಜೊತೆಗೆ ಹೋಗುತ್ತದೆ. ಉಳಿದ ಸೂಪ್ ಅಷ್ಟೇ ಉಪ್ಪಾಗಿರುತ್ತದೆ. ಆಲೂಗಡ್ಡೆ ತಿನ್ನಲು ಇಷ್ಟ ಇದ್ದರೆ ಹಾಕಿ, ಉಪ್ಪಿಗೆ ಔಷಧಿ ಅಂತ ಬೇಡ. ದಾರಿ ಒಂದೇ, ನೀರು ಸೇರಿಸುವುದು. ಪಾತ್ರೆಯಿಂದ ಮೂರರಲ್ಲಿ ಒಂದು ಭಾಗ ಕಟ್ಟು ತೆಗೆದು ಬೇರೆ ಇಡಿ, ಅಷ್ಟೇ ನೀರು ಹಾಕಿ. ತೆಗೆದದ್ದನ್ನು ಚೆಲ್ಲಬೇಡಿ. ಸಣ್ಣ ಡಬ್ಬಿಗಳಲ್ಲಿ ಫ್ರೀಜ್ ಮಾಡಿದರೆ ಮುಂದೆ ಅನ್ನಕ್ಕೋ ಬೇರೆ ಸೂಪಿಗೋ ಉಪ್ಪಿನ ಬದಲು ಬಳಸಬಹುದು. ಕಾಳನ್ನೂ ಸಪ್ಪೆ ನೀರಲ್ಲೇ ಬೇರೆಯಾಗಿ ಅರ್ಧ ಬೇಯಿಸಿ ಸೇರಿಸಿದರೆ ಇನ್ನೂ ಅನುಕೂಲ. ಅವು ಒಳಗೆ ನೀರು ತುಂಬಿಕೊಂಡು ಬಂದು ಒಟ್ಟು ಉಪ್ಪನ್ನು ಸಮ ಮಾಡುತ್ತವೆ. ಕಾಳುಕಡ್ಡಿ ಹೇಳಿದ ಜೋರು ಕುದಿಯೂ ಅಲ್ಲೇ ಮುಗಿಯುತ್ತದೆ.

ಸಿಹಿ ಪದರ ಇದ್ದ ಮೂಳೆಯನ್ನು ಹೊರಗೆ ತೆಗೆದು ಬಿಸಿನೀರಿನ ಕೆಳಗೆ ಹಿಡಿದು ಚಾಕುವಿನ ಬೆನ್ನಿನಿಂದ ಕೆರೆದುಬಿಡಿ. ಸ್ವಲ್ಪ ಸಿಹಿ ಇಳಿದಿದ್ದರೆ ಕೊನೆಯ ವಿನೆಗರ್ ಅದನ್ನು ನೋಡಿಕೊಳ್ಳುತ್ತದೆ. ಚುಚ್ಚಿದ ಲವಂಗ ಮಾತ್ರ ಒಂದೊಂದಾಗಿ ಆರಿಸಿ ತೆಗೆಯಿರಿ. ಲವಂಗದ ಜೊತೆ ಕುದಿದ ಕಟ್ಟು ಹಲ್ಲುನೋವಿನ ಔಷಧಿಯಂತೆ ನಾರುತ್ತದೆ, ಅದಕ್ಕೆ ಪರಿಹಾರ ಇಲ್ಲ.

ಕುಕ್ಕರ್‌ಪ್ರೇಮಿ:

ಸರಿ ಗುರುಗಳೇ, ಮೂಳೆಯ ವಿಷಯ ಒಪ್ಪಿದೆ. ಆದರೆ ಮೂಳೆ ಇಲ್ಲದೆ ಬರೀ ಹೋಳು ಉಳಿದವರು ಏನು ಮಾಡಬೇಕು? ಎಲ್ಲರ ಹತ್ತಿರವೂ ಎರಡು ಗಂಟೆ ಇರುವುದಿಲ್ಲ. ನಾನು ಡಬ್ಬಿ ಬೀನ್ಸ್ ಸೋಸಿ ತೊಳೆದು ಬಳಸುತ್ತೇನೆ, ಅರ್ಧ ಗಂಟೆಯಲ್ಲಿ ಆಗುತ್ತದೆ. ಬೈಯಬೇಡಿ.

ಸೂಪ್‌ಮನೆ:

ಬೈಯುವುದಿಲ್ಲ. ಡಬ್ಬಿ ಕಾಳು ಪೂರ್ತಿ ಬೆಂದೇ ಬರುತ್ತದೆ, ಭಯವೂ ಇಲ್ಲ. ಮೂಳೆ ಇಲ್ಲದಾಗ ರುಚಿಯನ್ನು ಬಾಣಲೆಯಲ್ಲಿ ಹುಟ್ಟಿಸಬೇಕು. ಹೋಳುಗಳಲ್ಲಿ ಅರ್ಧ ಭಾಗವನ್ನು ಸಣ್ಣಗೆ ಹೆಚ್ಚಿ, ಅಂಚು ಕಂದಾಗುವವರೆಗೆ ಹುರಿಯಿರಿ. ಹೊರಗೆ ತೆಗೆದು ಅದೇ ಬಾಣಲೆಯಲ್ಲಿ ಈರುಳ್ಳಿ ಹುರಿದು, ತಳಕ್ಕೆ ಅಂಟಿದ ಕಂದು ಪದರಕ್ಕೆ ನೀರು ಹಾಕಿ ಕೆರೆದು ಬಿಡಿಸಿ. ಆ ನೀರೇ ಸೂಪಿನ ಬುಡ. ಉಳಿದರ್ಧ ಹೋಳು ಕೊನೆಗೆ. ಡಬ್ಬಿಯ ನೀರಲ್ಲೂ ಉಪ್ಪಿರುತ್ತದೆ, ತೊಳೆಯುವುದು ಸರಿಯೇ.

ಹೊಸಒಲೆ:

ಸೂಪ್ ಆಯಿತು! ಚಮಚ ನಿಲ್ಲುವಷ್ಟು ಗಟ್ಟಿ. ಮನೆಯವರು ಎರಡನೇ ಬಟ್ಟಲು ಹಾಕಿಸಿಕೊಂಡರು, ಬ್ರೆಡ್ ಮುಟ್ಟಲಿಲ್ಲ. ವಿನೆಗರ್ ಹಾಕುವ ಮುಂಚೆ ಒಮ್ಮೆ, ಹಾಕಿದ ಮೇಲೆ ಒಮ್ಮೆ ರುಚಿ ನೋಡಿದೆ, ಬೇರೆಯೇ ಸೂಪ್ ಅನ್ನಿಸಿತು. ಉಪ್ಪಿನ ಡಬ್ಬಿ ಇಳಿಸುವ ಅವಶ್ಯಕತೆಯೇ ಬರಲಿಲ್ಲ.

ಇನ್ನೂ ಅರ್ಧ ಪಾತ್ರೆ ಇದೆ. ರಾತ್ರಿ ಒಲೆ ಮೇಲೇ ಮುಚ್ಚಿಟ್ಟು ಬೆಳಿಗ್ಗೆ ಕುದಿಸಿದರೆ ಆಗುತ್ತದೆ ಅಂತ ಅಮ್ಮ ಹೇಳುತ್ತಿದ್ದಾರೆ. ಆಗುತ್ತದಾ?

ಕಾಳುಕಡ್ಡಿ:

ಅಮ್ಮನಿಗೆ ನಮಸ್ಕಾರ ಹೇಳಿ, ಆದರೆ ಇದೊಂದು ಬೇಡ. ಕೆಲವು ಬ್ಯಾಕ್ಟೀರಿಯಾಗಳಿಗೆ ಕುದಿಸಿದರೂ ಸಾಯದ ಬೀಜಾಣುಗಳು ಇರುತ್ತವೆ. ಗಟ್ಟಿ ಸೂಪ್ ನಿಧಾನವಾಗಿ ಆರುವಾಗ ಅವು ಮೊಳೆತು ಬೆಳೆಯುತ್ತವೆ. ಹ್ಯಾಮಿಗೆ ಇನ್ನೊಂದು ಕಾಟ ಸ್ಟ್ಯಾಫೈಲೊಕಾಕಸ್. ನಮ್ಮ ಕೈ, ಮೂಗಿನಿಂದ ಬರುವ ಬ್ಯಾಕ್ಟೀರಿಯಾ ಅದು, ಉಪ್ಪಿದ್ದರೂ ಬೆಳೆಯುತ್ತದೆ. ಬೆಳಿಗ್ಗೆ ಕುದಿಸಿದರೆ ಬ್ಯಾಕ್ಟೀರಿಯಾ ಸಾಯಬಹುದು, ಅದು ಆಗಲೇ ಬಿಟ್ಟ ವಿಷ ಕುದಿಗೂ ಹೋಗುವುದಿಲ್ಲ.

ಈಗಲೇ ಅಗಲವಾದ ಚಿಕ್ಕ ಪಾತ್ರೆಗಳಿಗೆ ಹಂಚಿ, ಒಲೆ ಆರಿಸಿ ಎರಡು ಗಂಟೆ ಆಗುವುದರೊಳಗೆ ಫ್ರಿಜ್ಜಿಗೆ ಸೇರಿಸಿ. ಮೂರು ನಾಲ್ಕು ದಿನ ಇರುತ್ತದೆ. ಅದಕ್ಕಿಂತ ಹೆಚ್ಚು ಬೇಕಾದರೆ ಫ್ರೀಜರ್, ಎರಡು ಮೂರು ತಿಂಗಳು ರುಚಿ ಕೆಡುವುದಿಲ್ಲ. ಡಬ್ಬಿಯಲ್ಲಿ ಮೇಲೆ ಎರಡು ಬೆರಳು ಜಾಗ ಬಿಡಿ, ಹೆಪ್ಪುಗಟ್ಟಿದಾಗ ಉಬ್ಬುತ್ತದೆ.

ಸೂಪ್‌ಮನೆ:

ನಾಳೆ ತೆಗೆದಾಗ ಚಾಕುವಿನಲ್ಲಿ ಕೊಯ್ಯುವ ಹಾಗೆ ಗಟ್ಟಿಯಾಗಿರುತ್ತದೆ. ಕೆಟ್ಟಿದೆ ಅಂದುಕೊಳ್ಳಬೇಡಿ, ಜೆಲಾಟಿನ್ ಇಳಿದಿದೆ ಅಂತ ಅರ್ಥ. ಮೇಲೆ ಕಟ್ಟಿದ ಕೊಬ್ಬು ಬೇಡದಿದ್ದರೆ ಎತ್ತಿಬಿಡಿ. ಬರೀ ನೀರು ಸೇರಿಸಿ ಸಣ್ಣ ಉರಿಯಲ್ಲಿ ತಿರುವುತ್ತಾ ಕುದಿಯುವವರೆಗೆ ಬಿಸಿ ಮಾಡಿ. ಎಷ್ಟು ಜನ ತಿನ್ನುತ್ತೀರೋ ಅಷ್ಟೇ ಬಿಸಿ ಮಾಡಿ, ಉಳಿದದ್ದು ಫ್ರಿಜ್ಜಿನಲ್ಲೇ ಇರಲಿ.